ನಾಲ್ಕನೆಯ ಪ್ರಶ್ನೆ ಇಲ್ಲದ ಒಂದು ವಾರ

ಜಪಾನಿನಲ್ಲಿ ನೈಕನ್ ಎಂಬ ಒಂದು ಅಭ್ಯಾಸವಿದೆ. ಹೊರಗಿನ ಸಂಪರ್ಕವನ್ನೆಲ್ಲ ಕಡಿದುಕೊಂಡು ಒಂದು ವಾರ ಕೋಣೆಯ ಮೂಲೆಯಲ್ಲಿ, ಮಡಿಸುವ ಪರದೆಯೊಂದರ ಹಿಂದೆ ಕುಳಿತು, ಬಾಳಿನಲ್ಲಿ ಹತ್ತಿರದವರಾಗಿದ್ದ ಒಬ್ಬೊಬ್ಬರನ್ನೇ ಮನಸ್ಸಿಗೆ ತಂದುಕೊಂಡು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಅದರ ಕ್ರಮ. ಅವರಿಂದ ನಾನು ಪಡೆದದ್ದೇನು? ಅವರಿಗೆ ನಾನು ಮರಳಿ ಕೊಟ್ಟದ್ದೇನು? ಅವರಿಗೆ ನನ್ನಿಂದಾದ ತೊಂದರೆಯೇನು? ಇಷ್ಟು ಕೇಳಿದ ಮೇಲೆ, ಅವರಿಂದ ನನಗಾದ ತೊಂದರೆಯೇನು ಎಂಬ ನಾಲ್ಕನೆಯದೂ ಸಹಜವಾಗಿಯೇ ಬಾಯಿಗೆ ಬರುತ್ತದೆ. ಅದನ್ನು ಇಲ್ಲಿ ಬೇಕೆಂದೇ ಕೈಬಿಟ್ಟಿದ್ದಾರೆ. ಹಲವು ವರ್ಷಗಳಿಂದ ಒಸಾಕಾದಲ್ಲಿರುವ ನಾನು, ಆ ನಾಲ್ಕನೆಯ ಪ್ರಶ್ನೆಗೆ ಮಾತ್ರ ಉದ್ದನೆಯ ಉತ್ತರವನ್ನು ಸಿದ್ಧವಾಗಿಟ್ಟುಕೊಂಡು ಅಲ್ಲಿಗೆ ಹೋದವಳು.

ತಿಪಟೂರಿನ ನಮ್ಮ ಮನೆಯ ಕಥೆಯನ್ನು ನಾನು ಯಾರಿಗೆ ಹೇಳಿದರೂ ಒಂದೇ ರೀತಿಯಲ್ಲಿ ಹೇಳುತ್ತಿದ್ದೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಅಮ್ಮನಿಗೆ ಅಣ್ಣನೆಂದರೆ ಪ್ರಾಣ. ಅವನನ್ನು ಎಂಜಿನಿಯರಿಂಗ್ ಓದಲು ಕಳಿಸಿದರು, ನನಗೆ ಬಿ.ಎಸ್‌ಸಿ. ಸಾಕೆಂದರು, ನಾನು ಹಟ ಹಿಡಿದು ಎಂ.ಎಸ್‌ಸಿ. ಮಾಡಿದೆ, ಕೆಲಸಕ್ಕೆ ಸೇರಿದೆ, ಇಲ್ಲಿಗೆ ಬಂದೆ. ಅಮ್ಮ ತೀರಿಕೊಂಡ ಮೇಲೆ ಮನೆಯ ಪಾಲಿನ ಮಾತು ಎದ್ದು, ಅಣ್ಣ ಫೋನಿನಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದ ಮೇಲೆ, ಈ ಕಥೆಗೆ ಇನ್ನೊಂದು ಅಧ್ಯಾಯ ಸೇರಿಕೊಂಡಿತು. ಕಚೇರಿಯಲ್ಲಿ ನನಗಿಂತ ಬಹಳ ಹಿರಿಯರಾದ ಸಹೋದ್ಯೋಗಿಯೊಬ್ಬರು ಒಂದು ಮಧ್ಯಾಹ್ನ ಇದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, "ನೀವು ಇದನ್ನು ನನಗೆ ಹಿಂದೆಯೂ ಹೇಳಿದ್ದೀರಿ. ಆಗಲೂ ಇದೇ ಮಾತುಗಳು, ನಗುವಾಗಲೂ ಇದೇ ಜಾಗದಲ್ಲಿ ನಕ್ಕಿರಿ" ಎಂದರು. ನೈಕನ್ ಹೆಸರನ್ನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಅವರು ತಮ್ಮ ತಂದೆ ಸತ್ತ ವರ್ಷ ಹೋಗಿ ಬಂದಿದ್ದರಂತೆ.

ಈ ಅಭ್ಯಾಸಕ್ಕೆ ರೂಪ ಕೊಟ್ಟ ಯೋಶಿಮೊಟೊ ಇಶಿನ್ (1916–1988) ಸನ್ಯಾಸಿಯಾಗಿ ಬಾಳಿದವರಲ್ಲ, ಕೃತಕ ಚರ್ಮದ ವ್ಯಾಪಾರಿ. ನಾರಾ ಪ್ರಾಂತ್ಯದ ಯಾಮಾತೊ-ಕೊರಿಯಾಮ ಊರಿನವರು. ಜೋದೊ ಶಿನ್‌ಶು ಬೌದ್ಧ ಪಂಥದ ಕೆಲವು ಗುಂಪುಗಳಲ್ಲಿ ಮಿಶಿರಾಬೆ ಎಂಬ ಕಠಿಣವಾದ ಆತ್ಮಶೋಧನೆ ನಡೆಯುತ್ತಿತ್ತು: ಅನ್ನ, ನೀರು, ನಿದ್ರೆ ಮೂರನ್ನೂ ಬಿಟ್ಟು, ಈ ಕ್ಷಣವೇ ಸತ್ತರೆ ನನ್ನ ಗತಿಯೇನು ಎಂದು ಹಿಂದಿನ ನಡತೆಯನ್ನು ಜಾಲಾಡುವುದು. ಯೋಶಿಮೊಟೊ ಅದರಲ್ಲಿ ಮತ್ತೆ ಮತ್ತೆ ಸೋತು, 1937ರಲ್ಲಿ ತಾವು ಅರಸುತ್ತಿದ್ದುದನ್ನು ಕಂಡುಕೊಂಡರು. ಅನಂತರ ಅವರು ಮಾಡಿದ ಕೆಲಸ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಉಪವಾಸವನ್ನು ತೆಗೆದರು, ಜಾಗರಣೆಯನ್ನು ತೆಗೆದರು, ಪಂಥದ ಗುಟ್ಟುತನವನ್ನೂ ತೆಗೆದರು. ಯಾವ ನಂಬಿಕೆಯವರಾದರೂ, ನಂಬಿಕೆಯೇ ಇಲ್ಲದವರಾದರೂ ಬಂದು ಕೂರಬಹುದಾದಷ್ಟು ಅದನ್ನು ಸರಳಗೊಳಿಸಿದರು. 1953ರಲ್ಲಿ ವ್ಯಾಪಾರದಿಂದ ಹಿಂದೆ ಸರಿದು ತಮ್ಮ ಊರಿನಲ್ಲೇ ಕೇಂದ್ರ ತೆರೆದರು. ಆ ದಶಕದಲ್ಲೇ ಅದು ಜಪಾನಿನ ಸೆರೆಮನೆಗಳನ್ನು ಹೊಕ್ಕಿತು; ಮುಂದೆ ಮದ್ಯವ್ಯಸನಿಗಳ ಚಿಕಿತ್ಸೆಗೂ ಬಳಕೆಯಾಯಿತು; 1980ರ ಹೊತ್ತಿಗೆ ಆಸ್ಟ್ರಿಯಾಕ್ಕೂ ಹೋಯಿತು. ಪಡೆದದ್ದು, ಮರಳಿಸಿದ್ದು, ಉಳಿಸಿಕೊಂಡ ಬಾಕಿ ಎಂಬ ಈ ಮೂರು ಕಲಮುಗಳನ್ನು ಅಂಗಡಿಯ ಖಾತೆ ಪುಸ್ತಕ ಬರೆದು ಪಳಗಿದ ಕೈಯಲ್ಲದೆ ಬೇರೆ ಯಾರೂ ಗೀಚಿರಲಾರರು ಎಂದು ನನಗೆ ಆ ವಾರದುದ್ದಕ್ಕೂ ಅನ್ನಿಸುತ್ತಿತ್ತು.

ನಾನು ಹೋದದ್ದು ಅದೇ ಪ್ರಾಂತ್ಯದ ಒಂದು ಸಣ್ಣ ಕೇಂದ್ರಕ್ಕೆ. ಹಳೆಯ ಮರದ ಮನೆ, ತಾತಾಮಿ ಚಾಪೆಯ ಕೋಣೆಗಳು. ಒಂದು ಕೋಣೆಯಲ್ಲಿ ಒಬ್ಬರು ಅಥವಾ ಇಬ್ಬರು, ಎದುರು ಬದುರು ಮೂಲೆಗಳಲ್ಲಿ, ತಮ್ಮ ತಮ್ಮ ಪರದೆಯ ಹಿಂದೆ. ಫೋನನ್ನು ಮೊದಲ ದಿನವೇ ಕೊಟ್ಟುಬಿಡಬೇಕು. ಓದುವಂತಿಲ್ಲ, ಜೊತೆಯವರೊಂದಿಗೆ ಮಾತನಾಡುವಂತಿಲ್ಲ. ಬೆಳಗಿನ ಐದಕ್ಕೆ ಎದ್ದು ಕಸ ಗುಡಿಸಿ ಕುಳಿತರೆ ರಾತ್ರಿ ಒಂಬತ್ತರವರೆಗೆ ಅದೇ ಮೂಲೆ. ಶೌಚಕ್ಕೆ ಮತ್ತು ದಿನಕ್ಕೊಂದು ಸ್ನಾನಕ್ಕೆ ಮಾತ್ರ ಏಳುವುದು. ಊಟದ ತಟ್ಟೆ ಪರದೆಯ ಬಳಿಗೇ ಬರುತ್ತದೆ. ಉಣ್ಣುವಾಗ ಧ್ವನಿವರ್ಧಕದಲ್ಲಿ ಹಿಂದೆ ಯಾವಾಗಲೋ ಕುಳಿತು ಹೋದವರ ಹೇಳಿಕೆಗಳ ಧ್ವನಿಮುದ್ರಣವನ್ನು ಕೇಳಿಸುತ್ತಾರೆ. ಗುರುತಿಲ್ಲದ ಗಂಡಸೊಬ್ಬ ತನ್ನ ತಾಯಿಯ ಚಪ್ಪಲಿಯ ಬಗ್ಗೆ ಹೇಳುತ್ತಿದ್ದರೆ ಅನ್ನದ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಹೇಗೆ ಕೂರಬೇಕು ಎಂಬ ನಿಯಮವಿಲ್ಲ. ಗೋಡೆಗೆ ಒರಗಬಹುದು, ಕಾಲು ಚಾಚಬಹುದು, ಮಲಗಬಾರದು ಅಷ್ಟೆ.

ಹಿಂದೆ ಬೆಂಗಳೂರಿನ ಸಮೀಪದ ಆಲೂರಿನ ವಿಪಶ್ಯನ ಕೇಂದ್ರದಲ್ಲಿ ಹತ್ತು ದಿನ ಕುಳಿತ ಅನುಭವ ನನಗಿದ್ದುದರಿಂದ, ಮೌನದ ಬಗ್ಗೆ ಅಂಜಿಕೆಯಿರಲಿಲ್ಲ. ಆದರೆ ಅಲ್ಲಿ ಕಲಿತದ್ದು ಇಲ್ಲಿ ಅಡ್ಡ ಬಂತು. ಅಲ್ಲಿ ಉಸಿರನ್ನು, ಆಮೇಲೆ ಮೈಯ ಸಂವೇದನೆಗಳನ್ನು ಗಮನಿಸುತ್ತ, ನೆನಪು ಬಂದರೆ ಅದರ ಬೆನ್ನು ಹತ್ತದೆ ಹೋಗಲು ಬಿಡಬೇಕು. ಇಲ್ಲಿ ನೆನಪೇ ಕೆಲಸ. ಅದನ್ನು ಕರೆಯಬೇಕು, ಬಂದದ್ದನ್ನು ಕೂರಿಸಿ ವಿಚಾರಿಸಬೇಕು, ಎರಡು ಗಂಟೆಗೊಮ್ಮೆ ಮತ್ತೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದದ್ದೂ ಇಷ್ಟೇ ನಿಮಿಷ, ಇದೇ ಅನುಕ್ರಮದಲ್ಲಿ. ಸುತ್ತಲಿನ ಅಷ್ಟು ದೊಡ್ಡ ಮೌನ ಇರುವುದು ಆ ಮೂರು ನಾಲ್ಕು ನಿಮಿಷಗಳ ಮಾತಿಗಾಗಿಯೇ ಎಂಬುದು ನನಗೆ ಅರ್ಥವಾಗುವ ಹೊತ್ತಿಗೆ ಎರಡು ದಿನ ಕಳೆದಿದ್ದವು.

ಕೇಳಲು ಬರುತ್ತಿದ್ದವರು ಎಪ್ಪತ್ತರ ಆಸುಪಾಸಿನ ಹೆಂಗಸು. ಮುಚ್ಚಿದ ಪರದೆಯ ಹೊರಗೆ ಮೊದಲು ಹಣೆಯನ್ನು ನೆಲಕ್ಕೆ ತಾಗಿಸಿ ನಮಸ್ಕರಿಸುತ್ತಿದ್ದರು. ಪರದೆ ಸರಿಸಿ ಮತ್ತೊಮ್ಮೆ ನಮಸ್ಕರಿಸಿ, ಈ ಹೊತ್ತಿನಲ್ಲಿ ಯಾರ ವಿಷಯದಲ್ಲಿ ಯಾವ ಕಾಲವನ್ನು ಶೋಧಿಸಿದಿರಿ ಎಂದು ಕೇಳುತ್ತಿದ್ದರು. ಪ್ರಾರಂಭ ಯಾವಾಗಲೂ ತಾಯಿಯಿಂದ, ಅಥವಾ ತಾಯಿಯ ಸ್ಥಾನದಲ್ಲಿ ನಿಂತು ಬೆಳೆಸಿದವರಿಂದ. ಶಾಲೆಯ ಮೊದಲ ವರ್ಷಗಳು, ಆಮೇಲೆ ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳು, ಪ್ರೌಢಶಾಲೆ, ಹೀಗೆ ಮೂರು ಮೂರು ವರ್ಷಗಳ ತುಂಡುಗಳಲ್ಲಿ ಇಂದಿನವರೆಗೆ ಅಥವಾ ಆ ವ್ಯಕ್ತಿ ತೀರಿಕೊಂಡ ದಿನದವರೆಗೆ ಬರಬೇಕು. ಮೊದಲ ಸಲ ನಾನು, ಅಮ್ಮ ನನ್ನನ್ನು ಸಾಕಿದಳು, ಅಡುಗೆ ಮಾಡಿ ಹಾಕಿದಳು, ಕಾಯಿಲೆಯಾದಾಗ ನೋಡಿಕೊಂಡಳು ಎಂದು ಒಪ್ಪಿಸಿದೆ. ಅವರು ಮೃದುವಾಗಿ, "ಏನು ಅಡುಗೆ? ಯಾವ ಕಾಯಿಲೆ?" ಎಂದರು. ನನಗೆ ಹೇಳಲಾಗಲಿಲ್ಲ. ಮೂರನೆಯ ಪ್ರಶ್ನೆಗೆ ಬಂದಾಗ, ಅಣ್ಣನಿಗೆ ಹಾಲು ನನಗೆ ಕಾಫಿ ಎಂಬ ಹಳೆಯ ದೂರನ್ನು ಪ್ರಾರಂಭಿಸಿದ್ದೆ. ಅವರು ಕೊನೆಯವರೆಗೂ ಕೇಳಿ, ಅದು ತಾಯಿಯಿಂದ ನಿಮಗಾದ ತೊಂದರೆ, ನಿಮ್ಮಿಂದ ತಾಯಿಗಾದದ್ದನ್ನು ದಯವಿಟ್ಟು ಶೋಧಿಸಿ ಎಂದು ಹೇಳಿ, ಕೃತಜ್ಞತೆ ಸೂಚಿಸಿ, ಪರದೆ ಮುಚ್ಚಿ ಹೋದರು. ನನಗೆ ವಿಪರೀತ ಸಿಟ್ಟು ಬಂತು. ಸಂಜೆಯ ಹೊತ್ತಿಗೆ ಸಿಟ್ಟು ನಿದ್ದೆಯಾಗಿ ಮಾರ್ಪಟ್ಟಿತು. ಎರಡನೆಯ ದಿನವೆಲ್ಲ ತೂಕಡಿಸಿದ್ದೇ ಹೆಚ್ಚು.

ಜಪಾನಿ ಭಾಷೆಯಲ್ಲಿ ನನ್ನ ಮಾತು ಕಚೇರಿಯ ಕೆಲಸಕ್ಕೆ, ಅಂಗಡಿಗೆ, ಆಸ್ಪತ್ರೆಗೆ ಸಾಕಾಗುವಷ್ಟು. ಅದರಲ್ಲಿ ಹಾಸ್ಯ, ವ್ಯಂಗ್ಯ, ಗಾದೆ ಏನನ್ನೂ ಆಡಲಾರೆ. ತಿಪಟೂರಿನ ಮನೆಯನ್ನು ಆ ಬಡ ಭಾಷೆಯಲ್ಲಿ ಹೇಳಬೇಕಾಗಿ ಬಂದದ್ದರಿಂದ ನಷ್ಟವಾಯಿತೆಂದು ಮೊದಲು ಅಂದುಕೊಂಡಿದ್ದೆ. ಆದರೆ ನನ್ನ ಕಥೆ ನಿಂತಿದ್ದುದೇ ವ್ಯಂಗ್ಯದ ಮೇಲೆ. ಅದನ್ನು ತೆಗೆದ ಮೇಲೆ ಉಳಿದದ್ದು ಯಾರು, ಯಾವಾಗ, ಏನು ಮಾಡಿದರು ಎಂಬಷ್ಟೇ. ಕೇಳುವವರೂ ಅದರಾಚೆಗೆ ಏನನ್ನೂ ಕೇಳುತ್ತಿರಲಿಲ್ಲ. ಏಕೆ ಹಾಗೆ ಮಾಡಿದಿರಿ ಎಂದಾಗಲಿ, ಆಗ ನಿಮಗೆ ಹೇಗನ್ನಿಸಿತು ಎಂದಾಗಲಿ ಒಂದು ಮಾತಿಲ್ಲ. ಸಮಾಧಾನದ ಮಾತಂತೂ ಇಲ್ಲವೇ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಐದನೆಯ ತರಗತಿಯ ಜೂನ್ ತಿಂಗಳು ನೆನಪಾಯಿತು. ಯೂನಿಫಾರ್ಮಿನ ನೀಲಿ ಲಂಗದ ಅಂಚನ್ನು ಅಮ್ಮ ಒಳಗೆ ಅಗಲವಾಗಿ ಮಡಿಸಿ ಹೊಲಿದಿರುತ್ತಿದ್ದಳು. ಪ್ರತಿ ಜೂನಿನಲ್ಲಿ ಒಂದು ಮಡಿಕೆ ಬಿಚ್ಚುವುದು, ಲಂಗ ನನ್ನ ಜೊತೆ ಬೆಳೆಯುವುದು. ಬಿಚ್ಚಿದ ಭಾಗದ ನೀಲಿ ಉಳಿದದ್ದಕ್ಕಿಂತ ಕಡುವಾಗಿ ಕಾಣುತ್ತಿತ್ತು. ಆ ಪಟ್ಟಿಯ ಕಾರಣಕ್ಕೆ ನಾನು ಅತ್ತದ್ದು ಮೊದಲಿನಿಂದಲೂ ನೆನಪಿತ್ತು, ಅದನ್ನು ನಗುವ ಪ್ರಸಂಗವಾಗಿ ಹೇಳಿದ್ದೂ ಇದೆ. ಮಡಿಕೆಯನ್ನು ಯಾರೋ ಕುಳಿತು ಅಳೆದಿರಬೇಕು, ಮೂರು ವರ್ಷ ಮುಂದಕ್ಕೆ ನನ್ನ ಎತ್ತರವನ್ನು ಊಹಿಸಿರಬೇಕು ಎಂಬುದು ಮಾತ್ರ ಅಲ್ಲಿಯವರೆಗೆ ಹೊಳೆದಿರಲಿಲ್ಲ. ರಾತ್ರಿ ಮಷೀನಿನ ಸದ್ದು, ಅಮ್ಮನ ಬೆನ್ನು ಕಣ್ಣಿಗೆ ಕಟ್ಟಿತು. ಪಡೆದದ್ದರ ಕೆಳಗೆ ಅದನ್ನು ಹೇಳಿದೆ. ಮರಳಿ ಕೊಟ್ಟದ್ದೇನು ಎಂದಾಗ ಹೇಳಲು ಏನೂ ಇರಲಿಲ್ಲ. "ಏನೂ ಇಲ್ಲ" ಎಂದೆ. ಅವರು ಅದನ್ನೂ ಉಳಿದ ಉತ್ತರಗಳಂತೆಯೇ ಸ್ವೀಕರಿಸಿ ತಲೆಬಾಗಿದರು.

ಆಮೇಲೆ ಬಂದವು ಡಬ್ಬಿಗಳು. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಅಮ್ಮ ತಿಪಟೂರಿನಿಂದ ಬರುವವರು ಯಾರೇ ಇರಲಿ, ಅವರ ಕೈಯಲ್ಲಿ ಚಟ್ನಿಪುಡಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದಳು. ಮದುವೆಯಲ್ಲಿ ಬಂದ, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಗಳು ಅವು. ಪತ್ರದ ಕೊನೆಯಲ್ಲಿ ಒಂದು ಸಾಲು ತಪ್ಪುತ್ತಿರಲಿಲ್ಲ: ಬರುವಾಗ ಡಬ್ಬಿ ಮರೆಯದೆ ತಾ. ನಾನು ಆ ಸಾಲನ್ನು ಅಮ್ಮನ ಜಿಪುಣತನದ ಪುರಾವೆಯಾಗಿ ನನ್ನ ಕಥೆಯಲ್ಲಿ ಬಳಸಿಕೊಂಡಿದ್ದೆ. ಮಗಳಿಗಿಂತ ಡಬ್ಬಿಯ ಚಿಂತೆ ಎಂದು ಹೇಳಿದರೆ ಎಲ್ಲರೂ ನಗುತ್ತಿದ್ದರು. ಪರದೆಯ ಹಿಂದೆ ಮೂರನೆಯ ಪ್ರಶ್ನೆಯನ್ನು ಹಿಡಿದು ಕುಳಿತಾಗ, ಡಬ್ಬಿಗಳು ಏನಾದವು ಎಂದು ಕೇಳಿಕೊಳ್ಳಬೇಕಾಯಿತು. ಕೆಲವನ್ನು ಗೆಳತಿಯರಿಗೆ ಕೊಟ್ಟಿದ್ದೆ. ಒಂದನ್ನು ತೊಳೆಯಲು ಬೇಸರವಾಗಿ ಬೂಸ್ಟು ಹಿಡಿದ ತಿಂಡಿಯ ಸಮೇತ ಎಸೆದಿದ್ದೆ. ಹಾಸ್ಟೆಲ್ಲಿನಲ್ಲಿ ಕಳ್ಳತನವಾಯಿತು ಎಂದು ಅಮ್ಮನಿಗೆ ಬರೆದಿದ್ದೆ. ಅದಾದ ಮೇಲೆ ತಿಂಡಿ ಹಾರ್ಲಿಕ್ಸ್ ಬಾಟಲಿಯಲ್ಲಿ ಬರತೊಡಗಿತು. ಸುತ್ತಲೂ ಹಳೆಯ ಸೀರೆಯ ತುಂಡು ಸುತ್ತಿ, ಒಡೆಯದ ಹಾಗೆ. ಬಾಟಲಿಯೂ ಸೀರೆಯ ತುಂಡೂ ನನ್ನ ಕಥೆಯಲ್ಲಿ ಎಂದೂ ಬಂದಿರಲಿಲ್ಲ. ಮರೆತಿದ್ದೆನೆಂದಲ್ಲ, ಅವಕ್ಕೆ ಅಲ್ಲಿ ಜಾಗವಿರಲಿಲ್ಲ.

ನಾಲ್ಕನೆಯ ದಿನ ಒಂದು ಲೆಕ್ಕವನ್ನು ಕೊಡುತ್ತಾರೆ. ತಾಯ್ತಂದೆಯರು ನಿಮ್ಮನ್ನು ಬೆಳೆಸಲು ತಗುಲಿದ ವೆಚ್ಚವನ್ನು ಕೂಡಿಸಿ ಎಂಬುದು ನೈಕನ್‌ನಲ್ಲಿ ಹಳೆಯ ಪಾಠ. ಇದು ನನಗೆ ಮೊದಲು ಅಸಹ್ಯವಾಗಿ ಕಂಡಿತು. ಸಾಕಿದ್ದಕ್ಕೆ ಬಿಲ್ಲು ಹಾಕುವುದೇ? ಆದರೂ ಕೂಡಿಸತೊಡಗಿದೆ. ಎಂಬತ್ತರ ದಶಕದ ಅಕ್ಕಿಯ ದರ ನೆನಪಿಲ್ಲದ್ದರಿಂದ ರೂಪಾಯಿಯನ್ನು ಬಿಟ್ಟು ಊಟವನ್ನೇ ಎಣಿಸಿದೆ. ವರ್ಷ ತುಂಬಿದಂದಿನಿಂದ ಹಾಸ್ಟೆಲ್ ಸೇರುವವರೆಗೆ ಹದಿನೇಳು ವರ್ಷ, ದಿನಕ್ಕೆ ಮೂರು ಹೊತ್ತು: 18,615. ನೆಂಟರ ಮನೆಯಲ್ಲಿ ಉಂಡದ್ದನ್ನು ಧಾರಾಳವಾಗಿ ಕಳೆದರೂ ಹದಿನೇಳು ಸಾವಿರಕ್ಕೆ ಕಡಿಮೆಯಾಗುವುದಿಲ್ಲ. ಸೀಮೆಎಣ್ಣೆ ಸ್ಟೌವಿನ ಕಾಲ, ಒರಳುಕಲ್ಲಿನ ಕಾಲ. ನಾನು ಅಮ್ಮನಿಗೆ ಅಡುಗೆ ಮಾಡಿ ಬಡಿಸಿದ ಹೊತ್ತುಗಳನ್ನು ಎಣಿಸಲು ಕಾಗದ ಬೇಕಾಗಲಿಲ್ಲ. ಅಸಹ್ಯವೆನ್ನಿಸಿದ್ದು ಬಹುಶಃ ಇದು ಹೀಗೆಯೇ ಮುಗಿಯುತ್ತದೆಂದು ಒಳಗೆಲ್ಲೋ ಗೊತ್ತಿದ್ದರಿಂದ ಇರಬೇಕು. ಅಳು ಬಂತು, ಆ ಬಗ್ಗೆ ಹೆಚ್ಚು ಬರೆಯಲು ಇಷ್ಟವಿಲ್ಲ. ಆ ಮನೆಯಲ್ಲಿ ಯಾರೂ ಅಳುವಿಗೆ ವಿಶೇಷ ಬೆಲೆ ಕೊಡುವುದಿಲ್ಲ. ಪರದೆ ಸರಿಯಿತು, ನಮಸ್ಕಾರವಾಯಿತು, ಈ ಹೊತ್ತಿನಲ್ಲಿ ಯಾವ ಕಾಲವನ್ನು ಶೋಧಿಸಿದಿರಿ ಎಂಬ ಅದೇ ಪ್ರಶ್ನೆ ಬಂತು.

ಒಳಗೆ ಸದ್ದು ನಿಂತದ್ದು ಆ ರಾತ್ರಿಯ ಮೇಲೆ. ವಿಪಶ್ಯನದಲ್ಲಿ ಒಂದೆರಡು ಸಲ ಸವಿದಿದ್ದ ನಿಶ್ಚಲತೆಗಿಂತ ಇದು ಬೇರೆ. ಅಲ್ಲಿ ಮನಸ್ಸು ಖಾಲಿಯಾದಂತಿತ್ತು, ಇಲ್ಲಿ ತುಂಬಿಕೊಂಡೇ ಸುಮ್ಮನಾಗಿತ್ತು. ನನ್ನ ಮಟ್ಟಿಗೆ ಇದಕ್ಕೆ ಕಾರಣ ಸರಳ. ಇಪ್ಪತ್ತು ವರ್ಷಗಳಿಂದ ನಾನು ಒಳಗೊಳಗೇ ಒಂದು ಮೊಕದ್ದಮೆ ನಡೆಸುತ್ತಿದ್ದೆ. ಫಿರ್ಯಾದಿ ನಾನೇ, ವಕೀಲಳೂ ನಾನೇ. ಎದುರು ಪಕ್ಷದ ಸಾಕ್ಷಿಗಳನ್ನು ಒಂದಿಷ್ಟೂ ಬಿಡದೆ ನಾನೇ ಕರೆತಂದು ನಿಲ್ಲಿಸಿದ ಮೇಲೆ ವಾದ ಮುಂದುವರಿಸಲು ಯಾರೂ ಉಳಿಯಲಿಲ್ಲ. ಐದನೆಯ ದಿನ ಅಪ್ಪ, ಆರನೆಯ ದಿನ ಅಣ್ಣ, ಕೊನೆಗೆ ಮತ್ತೊಂದು ಸುತ್ತು ಅಮ್ಮ. ಅಣ್ಣನ ವಿಷಯದಲ್ಲಿ ಹೊರಬಿದ್ದದ್ದು ಹೆಚ್ಚೇನೂ ಅಲ್ಲ, ಆದರೆ ತೆಗೆದುಹಾಕುವಂಥದ್ದೂ ಅಲ್ಲ: ಎಂ.ಎಸ್‌ಸಿ. ಅರ್ಜಿಯ ಶುಲ್ಕವನ್ನು ಕಟ್ಟಿದವನು ಅವನು, ತನ್ನ ಮೊದಲ ಸಂಬಳದಲ್ಲಿ. ನಾನು ಹಟ ಹಿಡಿದು ಓದಿದೆ ಎಂಬ ವಾಕ್ಯದಲ್ಲಿ ಈ ಮೊತ್ತ ಎಲ್ಲಿ ಸೇರಿಹೋಗಿತ್ತೋ.

ಕೊನೆಯ ಬೆಳಿಗ್ಗೆ ಪರದೆಗಳನ್ನು ಮಡಿಸಿಟ್ಟು, ವಾರವಿಡೀ ಕೆಮ್ಮಿನಿಂದ ಮಾತ್ರ ಪರಿಚಿತರಾಗಿದ್ದ ನಾವೆಲ್ಲ ಚಹಾ ಕುಡಿಯುತ್ತ ಕುಳಿತು ಸ್ವಲ್ಪ ಹೊತ್ತು ಮಾತನಾಡಿದೆವು. ನನ್ನ ಕೋಣೆಯ ಎದುರು ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ತನಗೆ ಏನೂ ಆಗಲಿಲ್ಲ, ಚೆನ್ನಾಗಿ ನಿದ್ದೆ ಮಾತ್ರ ಆಯಿತು ಎಂದಳು. ಕೇಂದ್ರದವರು ಅದಕ್ಕೂ ನಸುನಕ್ಕು ತಲೆಬಾಗಿದರು. ಎಲ್ಲರಿಗೂ ಆಗಲೇಬೇಕೆಂಬ ಆತುರ ಅಲ್ಲಿ ಕಾಣಲಿಲ್ಲ, ಅದು ನನಗೆ ಹಿಡಿಸಿತು.

ನಾಲ್ಕನೆಯ ಪ್ರಶ್ನೆಯ ಬಗ್ಗೆ ನನ್ನ ತಕರಾರು ಈಗಲೂ ಪೂರ್ತಿ ಹೋಗಿಲ್ಲ. ಅದಕ್ಕೆ ಉತ್ತರಿಸಲು ಯಾರಿಗೂ ಅಭ್ಯಾಸ ಬೇಕಿಲ್ಲ, ದಿನಬೆಳಗಾದರೆ ಎಲ್ಲರೂ ಅದನ್ನೇ ಮಾಡುತ್ತಿರುತ್ತೇವೆ, ಆದ್ದರಿಂದ ಒಂದು ವಾರ ಬಿಟ್ಟಿದ್ದರೆ ನಷ್ಟವಿಲ್ಲ ಎಂಬುದು ನೈಕನ್ ಪರವಾದ ವಾದ. ನನ್ನಂಥವಳ ಮಟ್ಟಿಗೆ ಇದು ನಿಜ. ನನ್ನ ದೂರುಗಳು ಸಾಧಾರಣ ಮನೆಯ ಸಾಧಾರಣ ಭೇದಭಾವದ ದೂರುಗಳು. ಆದರೆ ಏಟು ತಿಂದು ಬೆಳೆದವರನ್ನು, ಮನೆಯವರಿಂದಲೇ ಕೆಡುಕಿಗೆ ಗುರಿಯಾದವರನ್ನು ಕೂರಿಸಿ, ನಿನ್ನಿಂದ ಅವರಿಗಾದ ತೊಂದರೆಯೇನು ಎಂದು ಕೇಳುವುದು ಅನ್ಯಾಯ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಆ ಪ್ರಶ್ನೆಯನ್ನು ಯಾವ ಪರದೆಯೂ ಇಲ್ಲದೆ ಬಾಳಿನುದ್ದಕ್ಕೂ ಕೇಳಿಕೊಂಡವರು. ಅವರಿಗೆ ಬೇಕಾಗಿರುವುದು ಬಿಟ್ಟುಹೋದ ನಾಲ್ಕನೆಯದೇ. ಯಾರಾದರೂ ನನ್ನ ಸಲಹೆ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ. ನೈಕನ್‌ನಿಂದ ನನ್ನ ಹಳೆಯ ಕಥೆ ಸುಳ್ಳೆಂದು ಸಾಬೀತಾಯಿತೆಂದೂ ನಾನು ಹೇಳಲಾರೆ. ಅಣ್ಣನಿಗೆ ಎಂಜಿನಿಯರಿಂಗ್, ನನಗೆ ಬಿ.ಎಸ್‌ಸಿ. ಎಂಬುದು ನಡೆದದ್ದೇ. ಅದರ ಪಕ್ಕದಲ್ಲಿ ಈಗ ಹಾರ್ಲಿಕ್ಸ್ ಬಾಟಲಿಯೂ ಇದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಮನೆಗೆ ಮರಳಿದ ಮೇಲೆ ದಿನವೂ ಮಲಗುವ ಮುನ್ನ ಅರ್ಧ ಗಂಟೆ ಅಂದಿನ ದಿನದ ಮೇಲೆ ಅದೇ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವಂತೆ ಹೇಳಿ ಕಳಿಸುತ್ತಾರೆ. ಅದನ್ನು ನಾನು ಮಾಡುತ್ತಿರುವುದು ಬರೆಯುವ ಮೂಲಕ, ಕನ್ನಡದಲ್ಲಿ. ಜೊತೆಗೆ ಆ ವಾರ ಹೊರಬಂದದ್ದನ್ನೂ ಒಂದು ನೋಟುಬುಕ್ಕಿನಲ್ಲಿ ಇಳಿಸಿದೆ. ಬರೆಯುವಾಗ ವ್ಯಂಗ್ಯ ಮತ್ತೆ ಇಣುಕುತ್ತದೆ. ಕನ್ನಡದಲ್ಲಿ ನನಗೆ ಅದು ಸುಲಭವಾಗಿ ಬರುತ್ತದಲ್ಲ. ಕಂಡ ಕಡೆಯೆಲ್ಲ ಹೊಡೆದುಹಾಕಿದ್ದೇನೆ.

ಬರೆದದ್ದನ್ನು ಒಂದು ಭಾನುವಾರ ಫೋನಿನಲ್ಲಿ ಅಣ್ಣನಿಗೆ ಓದಿದೆ. ಲಂಗದ ಭಾಗ ಬಂದಾಗ ಅವನು ತಡೆದ. "ಪುಟ್ಟಿ, ನೀನು ಐದನೇ ಕ್ಲಾಸಲ್ಲಿದ್ದಾಗ ಮನೇಲಿ ಮಷೀನೇ ಇರಲಿಲ್ಲ ಕಣೆ. ಮಷೀನು ಬಂದಿದ್ದು ನೀನು ಹೈಸ್ಕೂಲಿಗೆ ಸೇರಿದ ಮೇಲೆ. ಆ ಅಂಚನ್ನ ಅಮ್ಮ ಕೈಯಲ್ಲೇ ಹಾಕ್ತಿದ್ದಳು. ಜೂನಲ್ಲಿ ಹೊಲಿಗೆ ಬಿಚ್ಚುತ್ತಿದ್ದದ್ದು ಅಪ್ಪ, ಹಳೇ ಬ್ಲೇಡು ಹಿಡ್ಕೊಂಡು, ಬಟ್ಟೆ ಹರಿಯುತ್ತೆ ಅಂತ ಬೈಸಿಕೊಳ್ಳುತ್ತ." ನಾನು ಒಪ್ಪಲಿಲ್ಲ. ಆ ಸದ್ದನ್ನು ನಾನು ಕೇಳಿದ್ದೇನೆ. ಸ್ವಲ್ಪ ಹೊತ್ತು ಇಬ್ಬರೂ ಜಗಳವಾಡಿದೆವು, ಮನೆಯ ಪಾಲಿನ ವಿಷಯದಲ್ಲಿ ಆಡಿದ್ದಕ್ಕಿಂತ ಚೆನ್ನಾಗಿ. ಅವನ ಮಾತು ನಿಜವಾದರೆ ನನ್ನ ಐದನೆಯ ದಿನದ ಅಪ್ಪನ ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಿದೆ. ಅವನ ನೆನಪು ತಪ್ಪಾದರೆ ಅದು ಅವನ ಲೆಕ್ಕ. ನೋಟುಬುಕ್ಕಿನ ಅಂಚಿನಲ್ಲಿ ಅವನ ಹೇಳಿಕೆಯನ್ನೂ ಬರೆದುಕೊಂಡೆ.

ಪಾಲಿನ ಮಾತನ್ನು ನಾನು ಬಿಟ್ಟಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ವಿಷಯ ತಿಳಿದ ಗೆಳತಿಯರಲ್ಲಿ ಕೆಲವರು, ಇಷ್ಟೆಲ್ಲ ಆದ ಮೇಲೆ ಮನೆಯನ್ನು ಅಣ್ಣನಿಗೇ ಬಿಟ್ಟುಕೊಟ್ಟಿರಬೇಕು ಎಂದು ಎಣಿಸಿದ್ದರು. ಅಮ್ಮನಿಂದ ಪಡೆದದ್ದರ ಪಟ್ಟಿ ಉದ್ದವಾಯಿತೆಂದು ನನ್ನ ಹಕ್ಕು ಗಿಡ್ಡವಾಗಬೇಕಾಗಿಲ್ಲ, ಅಣ್ಣನೂ ಈಗ ಹಾಗೆ ಹೇಳುವುದಿಲ್ಲ. ಈ ಸಲದ ರಜೆಗೆ ಊರಿಗೆ ಹೋದಾಗ ಇಬ್ಬರೂ ಒಟ್ಟಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವುದೆಂದು ಮಾತಾಗಿದೆ. ಹೊಲಿಗೆ ಮಷೀನು ಯಾರ ಪಾಲಿಗೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.